ಕೊನೆಯ ಐವತ್ತು ಅಡಿಯ ಕ್ಲಚ್

(ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಟ್ರ್ಯಾಕ್ಟರ್ ಮೇಸ್ತ್ರಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಸಾಲುಗಟ್ಟಿದ ಟ್ರ್ಯಾಕ್ಟರುಗಳ ನಡುವೆ ಓಡಾಡಿದವರಿಗೆ ಒಂದು ವಾಸನೆ ಚೆನ್ನಾಗಿ ಗೊತ್ತು. ಹಿಂದೆ ಎರಡು ಟ್ರೇಲರ್ ಕಬ್ಬು, ಮುಂದೆ ಸಣ್ಣದೊಂದು ಏರು, ಸಾಲು ಒಂದೊಂದೇ ಮಾರು ಸರಿಯುತ್ತಿರುತ್ತದೆ. ಡ್ರೈವರ್ ಬ್ರೇಕ್ ಹಿಡಿಯುವ ಬದಲು ಹಾಫ್ ಕ್ಲಚ್ಚಿನಲ್ಲೇ, ಅಂದರೆ ಪೆಡಲ್ ಅರ್ಧ ತುಳಿದು ಕ್ಲಚ್ ಜಾರಿಸುತ್ತಲೇ, ಗಾಡಿ ನಿಲ್ಲಿಸಿಕೊಂಡಿರುತ್ತಾನೆ. ಸ್ವಲ್ಪ ಹೊತ್ತಿಗೆ ಆ ವಾಸನೆ, ಕ್ಲಚ್ ಸುಡುವ ವಾಸನೆ. ಮೇಸ್ತ್ರಿಗಳಿಗೆ ಅದು ಮಾರನೇ ದಿನದ ಕೆಲಸದ ವಾಸನೆ, ಮಾಲೀಕನಿಗೆ ಖರ್ಚಿನ ವಾಸನೆ.

ಅದೇ ವಾಸನೆಯನ್ನು ನಾನು ಅಮೆರಿಕದ ಓಹಾಯೊ ರಾಜ್ಯದ ಒಂದು ಜಾತ್ರೆ ಮೈದಾನದಲ್ಲೂ ಕುಡಿದಿದ್ದೇನೆ. ಅಲ್ಲಿದ್ದದ್ದು ಭಾರ ಎಳೆಯುವ ಪಂದ್ಯಕ್ಕೆಂದೇ ಕಟ್ಟಿದ 2,500 ಎಚ್‌ಪಿಯ ಟ್ರ್ಯಾಕ್ಟರ್. ನಮ್ಮಲ್ಲಿ ಒಂದು ಹಂಗಾಮು ಪೂರ್ತಿ ಬೇಕಾಗುವ ಕ್ಲಚ್ ಸುಡುವ ಕೆಲಸವನ್ನು ಅದು ಹತ್ತು ಹನ್ನೆರಡು ಸೆಕೆಂಡಿನಲ್ಲಿ ಮುಗಿಸಿತ್ತು. ಕ್ಲಚ್ಚಿನ ಪ್ಲೇಟುಗಳು ಕಾದು ನೀಲಿಯಾಗಿದ್ದವು. ಅದರ ಕ್ಲಚ್ಚಿಗೆ ಕೈ ಹಚ್ಚಿದವರಲ್ಲಿ ನಾನೂ ಒಬ್ಬ. ಆ ಕಥೆಗೆ ಆಮೇಲೆ ಬರುತ್ತೇನೆ.

ಕ್ಲಚ್ ಬೇಕು ಎಂದು ಯಾರೇ ಬಂದರೂ ಅಂಗಡಿಯವನ ಮೊದಲ ಪ್ರಶ್ನೆ "ಎಷ್ಟು ಎಚ್‌ಪಿ?" ನಮ್ಮೂರಿನಲ್ಲೂ ಅದೇ, ಅಲ್ಲಿಯೂ ಅದೇ. ಪಂದ್ಯದ ಟ್ರ್ಯಾಕ್ಟರಿನ ಮಟ್ಟಿಗೆ ಆ ಪ್ರಶ್ನೆ ಅರ್ಧ ದಾರಿಯನ್ನು ಮಾತ್ರ ತೋರಿಸುತ್ತದೆ. "ಭಾರ ಬಿದ್ದಾಗ ಎಂಜಿನ್ ಎಷ್ಟು ಆರ್‌ಪಿಎಂಗೆ ಇಳಿಯುತ್ತದೆ, ಅಲ್ಲಿ ಅದರ ಟಾರ್ಕ್ ಎಷ್ಟು?" ಎಂದು ಕೇಳಬೇಕು. ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು, ಟಾರ್ಕ್ ಅಂದರೆ ತಿರುಚುವ ಬಲ. ಯಾಕೆ ಅನ್ನುವುದನ್ನು ತಿಳಿಯಲು ಆ ಪಂದ್ಯವನ್ನೇ ಒಮ್ಮೆ ನೋಡಿ ಬರೋಣ.

ಬಾಗಲಕೋಟೆ ಕಡೆಯವರು ಇಲ್ಲಿದ್ದರೆ ಅವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತೆರಬಂಡಿ ಸ್ಪರ್ಧೆ ನೋಡಿದ್ದೀರಿ. ಗಾಲಿ ಉರುಳದಂತೆ ಬಿಗಿದ ಬಂಡಿಯನ್ನು ಎತ್ತುಗಳು ನೆಲದ ಮೇಲೆ ತೇಯುತ್ತಾ ಎಳೆಯುತ್ತವೆ. ಎತ್ತುಗಳಿಂದ ಭಾರದ ಕಲ್ಲು ಜಗ್ಗಿಸುವ ಸ್ಪರ್ಧೆಯೂ ನಮ್ಮಲ್ಲಿದೆ. ಅಮೆರಿಕದ ರೈತರದ್ದೂ ಇದೇ ಚಪಲ, ಎತ್ತಿನ ಜಾಗದಲ್ಲಿ ಕುದುರೆ. ಕೊಟ್ಟಿಗೆಯ ಬಾಗಿಲು ಕಿತ್ತು ನೆಲಕ್ಕೆ ಹಾಕಿ, ಅದಕ್ಕೆ ಕುದುರೆ ಕಟ್ಟಿ, ಬಾಗಿಲ ಮೇಲೆ ಒಬ್ಬೊಬ್ಬರೇ ಹತ್ತುತ್ತಾ ಹೋಗುತ್ತಿದ್ದರು ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. 1929ರ ಹೊತ್ತಿಗೆ ಕುದುರೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಆಗಲೂ ಹಾದಿಯ ಪಕ್ಕ ಜನ ನಿಂತಿರುತ್ತಿದ್ದರು, ಸ್ಲೆಡ್, ಅಂದರೆ ಎಳೆಯುವ ಭಾರದ ಬಂಡಿ, ತಮ್ಮ ಎದುರಿಗೆ ಬಂದಾಗ ಹತ್ತಿಕೊಳ್ಳುತ್ತಿದ್ದರು. ದೂರ ಹೋದಷ್ಟೂ ಜನ, ಜನ ಹೆಚ್ಚಿದಷ್ಟೂ ಭಾರ. 1969ರಲ್ಲಿ ಎಂಟು ರಾಜ್ಯಗಳ ಪ್ರತಿನಿಧಿಗಳು ಸೇರಿ ಎನ್‌ಟಿಪಿಎ (ನ್ಯಾಷನಲ್ ಟ್ರ್ಯಾಕ್ಟರ್ ಪುಲ್ಲರ್ಸ್ ಅಸೋಸಿಯೇಷನ್) ಎಂಬ ಸಂಘ ಕಟ್ಟಿದರು, ಎಲ್ಲ ಕಡೆಗೂ ಒಂದೇ ನಿಯಮ ಬಂತು. ಓಹಾಯೊದ ಬೌಲಿಂಗ್ ಗ್ರೀನ್‌ನಲ್ಲಿ 1967ರಿಂದ ನಡೆಯುತ್ತಿರುವ ಆಗಸ್ಟ್ ತಿಂಗಳ ಪಂದ್ಯ ಅಲ್ಲಿನವರಿಗೆ ನಮ್ಮ ದೊಡ್ಡ ಜಾತ್ರೆಯಿದ್ದಂತೆ. ಮೂರು ಮೈಲಿ ಆಚೆಯಿಂದಲೇ ಎಂಜಿನ್ ಸದ್ದು ಕೇಳುತ್ತದೆ.

ಈಗ ಸ್ಲೆಡ್ ಮೇಲೆ ಯಾರೂ ಹತ್ತುವುದಿಲ್ಲ, ಆ ಕೆಲಸವನ್ನು ಒಂದು ಪೆಟ್ಟಿಗೆ ಮಾಡುತ್ತದೆ. ಸ್ಲೆಡ್ಡಿನ ಹಿಂಭಾಗಕ್ಕೆ ಗಾಲಿಗಳಿವೆ, ಮುಂಭಾಗದಲ್ಲಿ ನೆಲಕ್ಕೆ ತಾಗುವ ಅಗಲವಾದ ಉಕ್ಕಿನ ತಟ್ಟೆ. ಹೊರಡುವಾಗ ತೂಕದ ಪೆಟ್ಟಿಗೆ ಹಿಂದೆ, ಗಾಲಿಗಳ ಮೇಲಿರುತ್ತದೆ. ಸ್ಲೆಡ್ ಮುಂದೆ ಸಾಗಿದಂತೆ ಗಾಲಿಗಳ ತಿರುಗುವಿಕೆಯೇ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದು ತರುತ್ತದೆ. ಭಾರ ಗಾಲಿಯಿಂದ ತಟ್ಟೆಗೆ ವರ್ಗವಾಗುತ್ತದೆ, ತಟ್ಟೆ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಮೊದಲು ಬಂಡಿ, ಕೊನೆಗೆ ತೆರಬಂಡಿ. ಸಾಮಾನ್ಯವಾಗಿ ಮುನ್ನೂರು ಅಡಿ ಎಳೆದರೆ ಪೂರ್ತಿ ಎಳೆದಂತೆ. ಯೂರೋಪಿನಲ್ಲಿ ನೂರು ಮೀಟರ್.

ಇದರಿಂದ ಕ್ಲಚ್ಚಿಗೆ ಬರುವ ಕಷ್ಟ ಎಂಥದು ನೋಡಿ. ಕಾರಿನ ವೇಗದ ಪಂದ್ಯದಲ್ಲಿ ಅತಿ ಹೆಚ್ಚಿನ ಕಷ್ಟ ಹೊರಡುವಾಗ. ಒಮ್ಮೆ ಓಡಲು ಹತ್ತಿತೆಂದರೆ ಕ್ಲಚ್ ನಿರಾಳ. ನಿಮ್ಮ ಕಬ್ಬಿನ ಗಾಡಿಯದ್ದೂ ಹೆಚ್ಚುಕಡಿಮೆ ಅದೇ. ಎಳೆಯುವ ಪಂದ್ಯದಲ್ಲಿ ಹೊರಡುವುದು ಸುಲಭ, ಕೊನೆಯ ಐವತ್ತು ಅಡಿ ನರಕ. ಅಲ್ಲಿ ನೆಲದ ಹಿಡಿತ ಅತ್ಯಂತ ಹೆಚ್ಚು, ಎಂಜಿನ್ನಿನ ಆರ್‌ಪಿಎಂ ಇಳಿಯುತ್ತಿರುತ್ತದೆ, ಅಷ್ಟು ಹೊತ್ತಿಗೆ ಪ್ಲೇಟುಗಳು ಕಾದಿರುತ್ತವೆ. ಮೂರೂ ಒಟ್ಟಿಗೆ.

ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕುತ್ತೇನೆ. ಮೇಸ್ತ್ರಿಗಳು ಬೇಸರಪಡಬೇಡಿ, ಬರೀ ಗುಣಾಕಾರ.

ಕ್ಲಚ್ ಎಷ್ಟು ಟಾರ್ಕ್ ಹೊರುತ್ತದೆ ಅನ್ನುವುದು ನಾಲ್ಕರಿಂದ ತೀರ್ಮಾನವಾಗುತ್ತದೆ. ಉಜ್ಜುವ ಮುಖಗಳು ಎಷ್ಟು, ಪ್ಲೇಟಿನ ಮೇಲಿನ ಉಜ್ಜುವ ಪದರದ, ಅಂದರೆ ಲೈನಿಂಗಿನ, ಹಿಡಿತದ ಅಂಕ ಎಷ್ಟು, ಪ್ಲೇಟನ್ನು ಎಂಜಿನ್ ಕಡೆಗೆ ಅದುಮುವ ಪ್ರೆಶರ್ ಪ್ಲೇಟ್ ಎಷ್ಟು ಬಲದಿಂದ ಒತ್ತುತ್ತದೆ, ಪ್ಲೇಟಿನ ಸರಾಸರಿ ತ್ರಿಜ್ಯ ಎಷ್ಟು. ನಾಲ್ಕನ್ನೂ ಗುಣಿಸಿದರೆ ಟಾರ್ಕ್. ಮೊದಲು ನಮ್ಮ 50 ಎಚ್‌ಪಿ ಟ್ರ್ಯಾಕ್ಟರ್ ತೆಗೆದುಕೊಳ್ಳೋಣ. ಅದರ ಟಾರ್ಕ್ ಎಲ್ಲಾ ಸೇರಿ ಸುಮಾರು 200 ನ್ಯೂಟನ್ ಮೀಟರ್. ಕೈಯಲ್ಲಿ ಸ್ವಲ್ಪ ಉಳಿಕೆ ಇರಲಿ ಎಂದು ಕ್ಲಚ್ಚಿಗೆ 350 ಇಡೋಣ. ಹನ್ನೆರಡು ಇಂಚಿನ ಒಂಟಿ ಪ್ಲೇಟು, ಎರಡು ಮುಖ, ಹಿಡಿತ 0.3, ಸರಾಸರಿ ತ್ರಿಜ್ಯ 121 ಮಿಲಿಮೀಟರ್. ಬೇಕಾಗುವ ಒತ್ತು ಸುಮಾರು 490 ಕಿಲೋ. ಸ್ಪ್ರಿಂಗುಗಳು ಸುಲಭವಾಗಿ ಕೊಡುತ್ತವೆ, ಕಾಲೂ ತಡೆಯುತ್ತದೆ.

ಈಗ ಅಲ್ಲಿನ ಪಂದ್ಯದ ಪ್ರೊ ಸ್ಟಾಕ್ ಅನ್ನುವ ವರ್ಗ. 680 ಘನ ಇಂಚಿನ, ಅಂದರೆ ಸುಮಾರು ಹನ್ನೊಂದು ಲೀಟರಿನ ಡೀಸೆಲ್ ಎಂಜಿನ್, ಒಂದೇ ಟರ್ಬೊ. ನಮ್ಮ ಲೆಕ್ಕಕ್ಕೆ 4,500 ಆರ್‌ಪಿಎಂನಲ್ಲಿ 2,500 ಎಚ್‌ಪಿ ಇರಲಿ. ಟಾರ್ಕ್ ಹೆಚ್ಚುಕಡಿಮೆ 4,000 ನ್ಯೂಟನ್ ಮೀಟರ್. ಅದೇ ಹನ್ನೆರಡು ಇಂಚಿನ ಒಂಟಿ ಪ್ಲೇಟಿನಿಂದ ಇದನ್ನು ಹಿಡಿಯಲು ಬೇಕಾಗುವ ಒತ್ತು 5,600 ಕಿಲೋ. ಐದೂವರೆ ಟನ್ನಿಗೂ ಮೇಲೆ. ಆ ಪೆಡಲ್ ತುಳಿಯುವ ಗಂಡು ಇನ್ನೂ ಹುಟ್ಟಿಲ್ಲ.

ಹಾಗಿದ್ದರೆ ದೊಡ್ಡ ಪ್ಲೇಟ್ ಹಾಕೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಹದಿನಾಲ್ಕು ಇಂಚಿನ ಪ್ಲೇಟ್ 5,000 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ 335 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ದಪ್ಪ ಅಷ್ಟೇ ಇದ್ದರೆ ಹತ್ತು ಇಂಚಿನ ತಟ್ಟೆಗಿಂತ ಹದಿನಾಲ್ಕು ಇಂಚಿನ ತಟ್ಟೆಯ ಜಡತ್ವ ಸುಮಾರು ನಾಲ್ಕು ಪಟ್ಟು. ತಿರುಗಿಸಲೂ ಕಷ್ಟ, ನಿಲ್ಲಿಸಲೂ ಕಷ್ಟ, ಒಡೆದರಂತೂ ಹತ್ತಿರ ಇದ್ದವರ ಗತಿ ಕೇಳಬೇಡಿ.

ಒಡೆಯುವ ಮಾತು ಬಂತು. ಬೀಡು ಕಬ್ಬಿಣದ ಫ್ಲೈವೀಲ್, ಅಂದರೆ ಕ್ಲಚ್ ಕೂರುವ ಎಂಜಿನ್ನಿನ ಭಾರದ ಚಕ್ರ, ಅದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಟ್ರ್ಯಾಕ್ಟರಿನದು ಬೀಡು, 2,200 ಆರ್‌ಪಿಎಂಗೆ ಅದು ಸಾಕು. ತಿರುಗುವ ವಸ್ತುವಿನೊಳಗೆ ಅದನ್ನು ಸೀಳುವ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 2,200 ಇದ್ದದ್ದನ್ನು 4,400 ಮಾಡಿದರೆ ಎಳೆತ ನಾಲ್ಕು ಪಟ್ಟು. ಬೀಡು ಕಬ್ಬಿಣ ಒತ್ತಡ ತಡೆಯುತ್ತದೆ, ಎಳೆತವನ್ನು ಅಷ್ಟಾಗಿ ತಡೆಯುವುದಿಲ್ಲ. ಜೊತೆಗೆ ಕ್ಲಚ್ ಜಾರಿ ಮುಖ ಕಾದು ಆರಿದಾಗಲೆಲ್ಲ ಕೂದಲೆಳೆಯ ಬಿರುಕು ಬೀಳುತ್ತದೆ. ಅದು ಬಾಗಿ ಎಚ್ಚರಿಕೆ ಕೊಡುವ ಲೋಹವೂ ಅಲ್ಲ, ನೇರ ಚೂರಾಗುತ್ತದೆ. ಆದ್ದರಿಂದ ಅಲ್ಲಿ ಗಟ್ಟಿ ಉಕ್ಕಿನ ಗಡ್ಡೆಯಿಂದ ಕಡೆದ ಫ್ಲೈವೀಲ್, ಅದರ ಮೇಲೆ ಎಸ್‌ಎಫ್‌ಐ ಎಂಬ ಸಂಸ್ಥೆಯ ಸುರಕ್ಷತಾ ಮುದ್ರೆ, ಸುತ್ತ ಉಕ್ಕಿನ ಕವಚ. ಸ್ಲೆಡ್ಡಿಗೆ ಕಟ್ಟಿದ ಒಂದು ಹಗ್ಗ ಟ್ರ್ಯಾಕ್ಟರಿನ ಸ್ವಿಚ್ಚಿಗೆ ಹೋಗಿರುತ್ತದೆ, ಕೊಂಡಿ ಕಳಚಿ ಟ್ರ್ಯಾಕ್ಟರ್ ಓಡಿಹೋದರೆ ಎಂಜಿನ್ ತಾನಾಗಿ ಆರುತ್ತದೆ. ಇವೆಲ್ಲ ಇಲ್ಲದೆ ಮೈದಾನದೊಳಗೆ ಬಿಡುವುದೇ ಇಲ್ಲ. ನಮ್ಮಲ್ಲಿ ಡೀಸೆಲ್ ಪಂಪ್ ಬಿಗಿದು, ಆರ್‌ಪಿಎಂ ಮಿತಿಯಲ್ಲಿಡುವ ಗವರ್ನರ್ ತಿರುವಿ, ಹಳೆಯ ಫ್ಲೈವೀಲ್ ಇಟ್ಟುಕೊಂಡೇ ಎಂಜಿನ್ ಕಿರುಚಿಸುವ ಹುಡುಗರನ್ನು ಕಂಡಾಗ ನನಗೆ ಕ್ಲಚ್ಚಿನ ಚಿಂತೆ ಬರುವುದಿಲ್ಲ, ಅವರ ಮೊಣಕಾಲಿನ ಚಿಂತೆ ಬರುತ್ತದೆ. ಫ್ಲೈವೀಲ್ ಇರುವುದು ಸರಿಯಾಗಿ ಕಾಲಿನ ಮುಂದೆ.

ಲೆಕ್ಕಕ್ಕೆ ಮರಳೋಣ. ತ್ರಿಜ್ಯ ಹೆಚ್ಚಿಸುವಂತಿಲ್ಲ, ಲೈನಿಂಗಿನ ಹಿಡಿತ ಒಂದು ಮಿತಿ ದಾಟುವುದಿಲ್ಲ. ಉಳಿದದ್ದು ಮುಖಗಳ ಸಂಖ್ಯೆ. ಒಂದರ ಬದಲು ನಾಲ್ಕು ಪ್ಲೇಟ್ ಹಾಕಿ, ನಡುನಡುವೆ ಉಕ್ಕಿನ ತಟ್ಟೆ ಇಟ್ಟರೆ ಎಂಟು ಮುಖ. ಐದೂವರೆ ಟನ್ನಿನ ಜಾಗದಲ್ಲಿ 1,400 ಕಿಲೋ ಸಾಕು. ಬೈಕ್ ಬಿಚ್ಚಿದವರಿಗೆ ಇದು ಹೊಸದಲ್ಲ, ಅದರೊಳಗೂ ಪ್ಲೇಟುಗಳ ಅಡಕಲು ಇದೆ. ಅದು ಎಣ್ಣೆಯಲ್ಲಿ ಮುಳುಗಿರುತ್ತದೆ, ಇದು ಒಣ.

ಇನ್ನು 1,400 ಕಿಲೋ. ಅದನ್ನೂ ಪೂರ್ತಿ ಸ್ಪ್ರಿಂಗಿನಿಂದ ಕೊಟ್ಟರೆ ಎರಡು ತೊಂದರೆ. ಒಂದು, ಪೆಡಲ್ ಈಗಲೂ ಭಾರ. ಎರಡನೆಯದು ಹೆಚ್ಚು ಕೆಟ್ಟದ್ದು. ಕಾಲು ತೆಗೆದ ಕ್ಷಣಕ್ಕೇ ಅಷ್ಟೂ ಹಿಡಿತ ಬಂದರೆ ಟ್ರ್ಯಾಕ್ಟರ್ ಒದ್ದುಕೊಂಡು ಹೊರಡುತ್ತದೆ. ಮುಂದಿನ ಗಾಲಿ ಆಕಾಶಕ್ಕೆ, ಹಿಂದಿನ ಟೈರ್ ಮಣ್ಣು ಕೆತ್ತಿ ಗುಂಡಿಗೆ, ಇಲ್ಲವೇ ಕ್ಲಚ್ಚಿನಿಂದ ಗೇರ್‌ಬಾಕ್ಸಿಗೆ ಹೋಗುವ ಇನ್‌ಪುಟ್ ಶಾಫ್ಟ್ ತಿರುಚಿ ಎರಡು ತುಂಡು. ಸರಪಳಿ ಬಿಗಿಯಾದ ಮೇಲೆಯೇ ಹೊರಡಬೇಕು, ಜಗ್ಗಿ ಎಳೆಯುವಂತಿಲ್ಲ ಅನ್ನುವ ನಿಯಮ ಬೇರೆ ಇದೆ. ಹೊರಡುವಾಗ ಕ್ಲಚ್ ತುಸು ಜಾರಬೇಕು, ಆಮೇಲೆ ಕಚ್ಚಬೇಕು.

ಇದಕ್ಕೆ ಅವರು ಹುಡುಕಿಕೊಂಡ ಉಪಾಯ ನಮ್ಮ ಹೊಲದಲ್ಲೇ ಇದೆ: ಕವಣೆ. ಜೋಳಕ್ಕೆ ಬರುವ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಗೊತ್ತು, ಜೋರಾಗಿ ತಿರುಗಿಸಿದಷ್ಟೂ ಕಲ್ಲು ಕೈಯನ್ನು ಹೊರಕ್ಕೆ ಜಗ್ಗುತ್ತದೆ. ಕ್ಲಚ್ಚಿನ ಕವರಿನ ಮೇಲೆ ಆರು ಸನ್ನೆಗಳು, ಅಂದರೆ ನೀವು ಫಿಂಗರ್ ಅನ್ನುವಂಥವು, ತುದಿಗೆ ಒಂದೊಂದು ಸಣ್ಣ ತೂಕ ಹೊತ್ತು ಕೂತಿರುತ್ತವೆ. ಎಂಜಿನ್ ತಿರುಗಿದಂತೆ ತೂಕಗಳು ಹೊರಕ್ಕೆ ಜಗ್ಗುತ್ತವೆ, ಸನ್ನೆಯ ಇನ್ನೊಂದು ತುದಿ ಪ್ರೆಶರ್ ಪ್ಲೇಟನ್ನು ಒತ್ತುತ್ತದೆ. ಈ ತೂಕ ಎಷ್ಟು ಗೊತ್ತೇ? ಒಂದು ಬೋಲ್ಟು, ಎರಡು ವಾಷರ್. ಬರೀ 50 ಗ್ರಾಂ ಇಟ್ಟುಕೊಳ್ಳಿ, ನಡುವಿನಿಂದ 150 ಮಿಲಿಮೀಟರ್ ದೂರದಲ್ಲಿ. ಸನ್ನೆ ಸಮತೂಕದ್ದು ಎಂದು ಹಿಡಿದರೆ 4,500 ಆರ್‌ಪಿಎಂನಲ್ಲಿ ಒಂದೊಂದೂ 170 ಕಿಲೋ ಒತ್ತುತ್ತದೆ. ಅಂಗೈಯಲ್ಲಿಟ್ಟರೆ ಗೊತ್ತೇ ಆಗದ ಬೋಲ್ಟು ಎರಡು ಜೋಳದ ಚೀಲದ ಭಾರ ಹಾಕುತ್ತದೆ. ಆರೂ ಸೇರಿ ಸಾವಿರ ಕಿಲೋ. ಸ್ಪ್ರಿಂಗಿನಿಂದ 400 ಕೊಟ್ಟರೆ ನಮ್ಮ 1,400 ಸಿಕ್ಕಿತು.

ಹೊರಡುವಾಗ 2,250 ಆರ್‌ಪಿಎಂ ಇದ್ದರೆ? ಅರ್ಧ ವೇಗ, ಕಾಲು ಬಲ. ತೂಕಗಳದ್ದು 250, ಸ್ಪ್ರಿಂಗಿನದು 400, ಒಟ್ಟು 650 ಕಿಲೋ. ಹಿಡಿತ ಅರ್ಧಕ್ಕಿಂತ ಕಡಿಮೆ. ಮೆತ್ತಗೆ ಹೊರಡುತ್ತದೆ, ವೇಗ ಏರಿದಂತೆ ತಾನೇ ಬಿಗಿಯಾಗುತ್ತದೆ. ಪೆಡಲ್ಲೂ ಹಗುರ. ಕಾಗದದ ಮೇಲೆ ಇದಕ್ಕಿಂತ ಚೆಂದದ ಕ್ಲಚ್ ಇಲ್ಲ.

ನಮ್ಮ ಕಥೆ ಶುರುವಾದದ್ದು ಇಲ್ಲಿಂದಲೇ. ನಾನು ಆಗ ಓಹಾಯೊದಲ್ಲಿ ಕೆಲಸಕ್ಕಿದ್ದೆ. ಪಕ್ಕದ ಹೊಲದ ರೈತನ ಪಂದ್ಯದ ತಂಡಕ್ಕೆ ವಾರಾಂತ್ಯದಲ್ಲಿ ಹೋಗುತ್ತಿದ್ದೆ. ಮೊದಮೊದಲು ನನಗೆ ಕೊಟ್ಟ ಕೆಲಸ ಟೈರ್ ತೊಳೆಯುವುದು. ಇಂಜಿನಿಯರ್ ಎಂದು ಗೊತ್ತಾದ ಮೇಲೆ ಕ್ಲಚ್ಚಿನ ಲೆಕ್ಕ ಹಾಕಲು ಕೂರಿಸಿದರು, ಅವರ ಗ್ರಹಚಾರ. ಮೊದಲ ಎಳೆತದಲ್ಲಿ ಟ್ರ್ಯಾಕ್ಟರ್ ಒದ್ದುಕೊಂಡು ಹೊರಟಿತು. ನಾನು ಸ್ಪ್ರಿಂಗಿನ ಒತ್ತು ಇಳಿಸಿ, ಅದನ್ನು ಸರಿದೂಗಿಸಲು ತೂಕ ಏರಿಸಿದೆ. 4,500ರಲ್ಲಿ ಒಟ್ಟು ಮೊದಲಿನಷ್ಟೇ, ಹೊರಡುವಾಗ ಮೆತ್ತಗೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಎರಡನೇ ಎಳೆತದಲ್ಲಿ ಬೆಣ್ಣೆಯ ಹಾಗೆ ಹೊರಟಿತು. ನಾನು ಹಿಗ್ಗಿದೆ. ಇನ್ನೂರೈವತ್ತು ಅಡಿಯ ಹತ್ತಿರ ವಿಚಿತ್ರವೊಂದು ನಡೆಯಿತು. ಎಂಜಿನ್ನಿನ ಸದ್ದು ಇಳಿಯಲಿಲ್ಲ, ಟ್ರ್ಯಾಕ್ಟರ್ ಮಾತ್ರ ನಿಧಾನವಾಯಿತು. ಟೈರ್ ಸಹ ಜಾರುತ್ತಿರಲಿಲ್ಲ. ಎಂಜಿನ್ ಕೂಗುತ್ತಲೇ ಇದೆ, ಗಾಡಿ ನಿಲ್ಲುತ್ತಿದೆ. ಕೆಳಗಿನಿಂದ ಬಿಳಿ ಹೊಗೆ. ಹಿರಿಯನೊಬ್ಬ ನನ್ನ ಪಕ್ಕ ನಿಂತಿದ್ದ, ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಿದ್ದೇನು? ಡೀಸೆಲ್ ಎಂಜಿನ್ನಿನ ಗುಣ ನಿಮಗೆ ಗೊತ್ತು. ಭಾರ ಬಿದ್ದು ಆರ್‌ಪಿಎಂ ಇಳಿದಾಗ ಒಂದು ಹಂತದವರೆಗೆ ಅದರ ಟಾರ್ಕ್ ಏರುತ್ತದೆ. ಉಳುಮೆಯಲ್ಲಿ ಗಟ್ಟಿ ನೆಲ ಸಿಕ್ಕಾಗ ಟ್ರ್ಯಾಕ್ಟರ್ ಗುರ್ ಎಂದು ತಡೆದುಕೊಂಡು ದಾಟುತ್ತದಲ್ಲ, ಅದೇ. ನಮ್ಮ ಲೆಕ್ಕದ ಎಂಜಿನ್ 3,500ಕ್ಕೆ ಇಳಿದಾಗ 4,300 ನ್ಯೂಟನ್ ಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಎಂಜಿನ್ ಬಲ ಏರುವ ಕಡೆ, ತಿರುಗುವ ತೂಕಗಳ ಬಲ ಇಳಿಯುತ್ತದೆ. ಇಳಿಯುವುದು ವರ್ಗದ ಲೆಕ್ಕದಲ್ಲಿ. 4,500ರಲ್ಲಿ ಸಾವಿರ ಚಿಲ್ಲರೆ ಕಿಲೋ ಇದ್ದದ್ದು 3,500ರಲ್ಲಿ 616. ಸ್ಪ್ರಿಂಗಿನ 400 ಸೇರಿಸಿ ಸಾವಿರದ ಹದಿನಾರು. ನಾಲ್ಕು ಪ್ಲೇಟಿನ ಕ್ಲಚ್ ಇದರಿಂದ ಹಿಡಿಯಬಲ್ಲದ್ದು ಸುಮಾರು 2,900 ನ್ಯೂಟನ್ ಮೀಟರ್. ಎಂಜಿನ್ 4,300 ಕೊಡಲು ಸಿದ್ಧವಿದೆ, ಕ್ಲಚ್ 2,900ಕ್ಕೇ ಕೈ ಚೆಲ್ಲುತ್ತದೆ. ನಾನಂತೂ ಸ್ಪ್ರಿಂಗನ್ನು ಇನ್ನೂ ಇಳಿಸಿ, ತೂಕವನ್ನೇ ನೆಚ್ಚಿಕೊಂಡಿದ್ದೆ. ಕೊನೆಯ ಐವತ್ತು ಅಡಿಯಿಂದ ಹಿಡಿತ ಕದ್ದು ಮೊದಲ ಐವತ್ತು ಅಡಿಗೆ ನಯ ತಂದುಕೊಟ್ಟಿದ್ದೆ.

ಇಲ್ಲೊಂದು ಸೂಕ್ಷ್ಮವಿದೆ. ಕಳೆದ ಸಲ ಒಬ್ಬ ವಿದ್ಯಾರ್ಥಿನಿ ಇದನ್ನೇ ಕೇಳಿ ನನ್ನನ್ನು ನಿಲ್ಲಿಸಿದ್ದಳು. "ಸರ್, ಕ್ಲಚ್ ಜಾರಿದರೆ ಎಂಜಿನ್ ಹಗುರಾಗಿ ಆರ್‌ಪಿಎಂ ಮತ್ತೆ ಏರುತ್ತದೆ. ಏರಿದರೆ ತೂಕಗಳು ಮತ್ತೆ ಬಿಗಿಯುತ್ತವೆ. ತಾನೇ ಸರಿಹೋಗಬೇಕಲ್ಲ?" ಸರಿಯಾದ ಪ್ರಶ್ನೆ. ನಿಜಕ್ಕೂ ಆರ್‌ಪಿಎಂ ಏರಿಯೇ ನಿಲ್ಲುತ್ತದೆ, ಅದಕ್ಕೇ ಸದ್ದು ಇಳಿಯಲಿಲ್ಲ. ಎಂಜಿನ್ 4,500ರ ಆಸುಪಾಸಿನಲ್ಲೇ ತಿರುಗುತ್ತಿದೆ, ಗೇರ್‌ಬಾಕ್ಸ್ ಕಡೆ ಮಾತ್ರ 3,500ಕ್ಕೆ ಬಂದಿದೆ. ನಡುವಿನ ಸಾವಿರ ಆರ್‌ಪಿಎಂ ಎಲ್ಲಿ ಹೋಯಿತು? ಬೆಂಕಿಗೆ. 4,000 ನ್ಯೂಟನ್ ಮೀಟರ್ ಹೊತ್ತು ಸಾವಿರ ಆರ್‌ಪಿಎಂ ಜಾರುವ ಕ್ಲಚ್ಚಿನಲ್ಲಿ 420 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. ಎರಡು ಸೆಕೆಂಡಿನಲ್ಲಿ ಎರಡೂವರೆ ಲೀಟರ್ ತಣ್ಣೀರು ಕುದಿಸುವಷ್ಟು. ಇಷ್ಟು ಶಾಖ ಪ್ಲೇಟಿನ ತೆಳು ಪದರಕ್ಕೆ ಬಿದ್ದಾಗ ಲೈನಿಂಗಿನ ಹಿಡಿತವೇ ಇಳಿಯುತ್ತದೆ. 0.3 ಇದ್ದದ್ದು 0.2 ಆದರೆ ಮೂರನೇ ಒಂದು ಪಾಲು ಟಾರ್ಕ್ ಹೋಯಿತು. ಇನ್ನಷ್ಟು ಜಾರಿತು, ಇನ್ನಷ್ಟು ಕಾಯಿತು. ಸರಿಹೋಗುವ ಹೊತ್ತಿಗೆ ಉಳಿದಿರುವುದು ಬೂದಿ. ಅಷ್ಟೇ ಅಲ್ಲ, ಎಂಜಿನ್ 3,500ಕ್ಕೆ ಇಳಿಯಲೇ ಇಲ್ಲವಾದ್ದರಿಂದ ಅಲ್ಲಿ ಸಿಗಬೇಕಿದ್ದ 4,300ರ ಬಲ ಟೈರಿಗೆ ಮುಟ್ಟಲೇ ಇಲ್ಲ. ಹಣ ಸುರಿದು ಕಟ್ಟಿದ ಎಂಜಿನ್ನಿನ ಅತ್ಯುತ್ತಮ ಭಾಗವನ್ನು ಕ್ಲಚ್ ಬಳಸಲು ಬಿಡಲಿಲ್ಲ.

ಮಾರನೇ ವಾರ ನಾವು ಮಾಡಿದ್ದು ಇಷ್ಟು. ನಮ್ಮ ಬೋರ್ಡಿನ ಸಂಖ್ಯೆಗಳಲ್ಲೇ ಹೇಳುತ್ತೇನೆ. ಐದನೇ ಪ್ಲೇಟ್ ಹಾಕಿದೆವು, ಹತ್ತು ಮುಖ ಆಯಿತು. ತೂಕ 60 ಗ್ರಾಂ, ಸ್ಪ್ರಿಂಗ್ 500 ಕಿಲೋ. 3,500ರಲ್ಲಿ ಒಟ್ಟು ಒತ್ತು 1,240 ಕಿಲೋ, ಹಿಡಿತ 4,400 ನ್ಯೂಟನ್ ಮೀಟರ್. ಎಂಜಿನ್ನಿನ 4,300ಕ್ಕೆ ಸ್ವಲ್ಪ ಮೇಲೆ. ಹೊರಡುವಾಗ? ಹೌದು, ಮೊದಲಿಗಿಂತ ಗಡಸು. ಅದನ್ನು ಚಾಲಕ ಕಾಲಿನಲ್ಲಿ ಸಂಭಾಳಿಸಬೇಕಾಯಿತು, ಇನ್ನೂ ಕಡಿಮೆ ಆರ್‌ಪಿಎಂನಲ್ಲಿ ಕ್ಲಚ್ ಬಿಟ್ಟು ಆಮೇಲೆ ಆಕ್ಸಿಲರೇಟರ್ ಕೊಡುವ ರೂಢಿ ಮಾಡಿಕೊಂಡ. ಹೊರಡುವಾಗಿನ ತಪ್ಪನ್ನು ಚಾಲಕ ತಿದ್ದಬಲ್ಲ. ಕೊನೆಯ ಐವತ್ತು ಅಡಿಯಲ್ಲಿ ಅವನ ಕಾಲು ಪೆಡಲ್ ಮೇಲೆ ಇರುವುದೇ ಇಲ್ಲ. ಅಲ್ಲಿ ಏನೇ ಆದರೂ ಶುಕ್ರವಾರ ರಾತ್ರಿ ಶೆಡ್ಡಿನಲ್ಲಿ ನೀವು ಬಿಗಿದದ್ದೇ ಗತಿ.

ಲೈನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮಲ್ಲಿ ಮಾಮೂಲಿ ಪ್ಲೇಟ್ ಮತ್ತು ಗುಂಡಿ ಗುಂಡಿಯಾಗಿ ಪ್ಯಾಡ್ ಇರುವ ಸೆರಾಮಿಕ್ ಪ್ಲೇಟ್ ಎರಡೂ ಸಿಗುತ್ತವೆ. ಮಾಮೂಲಿ ಪ್ಲೇಟ್ ನಯವಾಗಿ ಹಿಡಿಯುತ್ತದೆ, ಕಾದರೆ ಸೋಲುತ್ತದೆ. ಸೆರಾಮಿಕ್ ಶಾಖ ತಡೆಯುತ್ತದೆ, ಹಿಡಿಯುವಾಗ ಗಡಗಡ ಅನ್ನುತ್ತದೆ, ಫ್ಲೈವೀಲಿನ ಮುಖ ತಿನ್ನುತ್ತದೆ. ದೊಡ್ಡ ಪಂದ್ಯದವರು ಕಬ್ಬಿಣದ ಪುಡಿಯನ್ನು ಒತ್ತಿ ಕಾಸಿ ಮಾಡಿದ ಸಿಂಟರ್ಡ್ ಪ್ಲೇಟ್ ಹಾಕುತ್ತಾರೆ. ಅದು ಕಾದರೂ ಹಿಡಿತ ಬಿಡುವುದು ಕಡಿಮೆ. ತಣ್ಣಗಿದ್ದಾಗ ಒರಟು, ದಿನನಿತ್ಯದ ಕೆಲಸಕ್ಕೆ ನಾಲಾಯಕ್ಕು.

ಎಲ್ಲರಿಗೂ ಐದು ಪ್ಲೇಟ್ ಬೇಕು ಅಂತಲೂ ತಿಳಿಯಬೇಡಿ. ಅಲ್ಲಿಯ ಸಣ್ಣ ವರ್ಗಗಳಲ್ಲಿ ಹೊಲದಿಂದ ನೇರ ಬಂದು ಎಳೆದು ಮತ್ತೆ ಹೊಲಕ್ಕೆ ಹೋಗುವ ಟ್ರ್ಯಾಕ್ಟರುಗಳಿವೆ. ಮುನ್ನೂರು ನಾನೂರು ಎಚ್‌ಪಿ, ಆರ್‌ಪಿಎಂ ಕಂಪನಿ ಇಟ್ಟಷ್ಟೇ. ಅವಕ್ಕೆ ಒಳ್ಳೆಯ ಸೆರಾಮಿಕ್ ಪ್ಲೇಟ್, ಸ್ವಲ್ಪ ಗಡಸು ಪ್ರೆಶರ್ ಪ್ಲೇಟ್, ಅಷ್ಟು ಸಾಕು. ಕಡಿಮೆ ಆರ್‌ಪಿಎಂನಲ್ಲಿ ತಿರುಗುವ ತೂಕಗಳಿಂದ ಬರುವ ಬಲವೇ ಅತ್ಯಲ್ಪ, ಹಾಗಾಗಿ ಅಲ್ಲಿ ಸನ್ನೆಗೆ ಬೋಲ್ಟು ಸೇರಿಸುವುದು ದುಡ್ಡು ದಂಡ.

ಗಡಸು ಪ್ರೆಶರ್ ಪ್ಲೇಟ್ ಎಂದೆ. ಅದಕ್ಕೊಂದು ಬೆಲೆ ಇದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಒತ್ತುವುದು ಫಿಂಗರನ್ನು, ಫಿಂಗರ್ ತಳ್ಳುವುದು ಕೊನೆಗೆ ಕ್ರ್ಯಾಂಕ್‌ಶಾಫ್ಟನ್ನೇ. ಆ ತಳ್ಳನ್ನು ತಡೆಯುವುದು ಎರಡು ತೆಳು ಥ್ರಸ್ಟ್ ವಾಷರ್. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಡ್ರೈವರ್ ಕೈಗೆ ಗಡಸು ಕ್ಲಚ್ ಕೊಟ್ಟರೆ ಮೊದಲು ಸವೆಯುವುದು ಆ ವಾಷರ್. ಎಂಜಿನ್ ಇಳಿಸುವ ಕೆಲಸ. ಕ್ಲಚ್ ಬದಲಿಸಿದ್ದಕ್ಕೂ ಕ್ರ್ಯಾಂಕ್ ಆಡುವುದಕ್ಕೂ ಸಂಬಂಧ ಕಲ್ಪಿಸುವವರು ಅಪರೂಪ, ಬೈಗುಳ ಮಾತ್ರ ಎಂಜಿನ್ ಕಟ್ಟಿದ ಮೇಸ್ತ್ರಿಗೆ.

ಹಲವು ಪ್ಲೇಟಿನ ಕ್ಲಚ್ಚಿನಲ್ಲಿ ಇನ್ನೊಂದು ಫಜೀತಿ ಬಿಡಿಸುವುದರಲ್ಲಿದೆ. ಒಂಟಿ ಪ್ಲೇಟ್ ಎರಡು ಮುಖ ಬಿಟ್ಟರೆ ಆಯಿತು. ಐದು ಪ್ಲೇಟಿಗೆ ಹತ್ತು ಮುಖವೂ ಒಂದಿಷ್ಟು ಬಿಡಬೇಕು. ಅಂತರ ಸಾಲದಿದ್ದರೆ ಪೆಡಲ್ ಪೂರ್ತಿ ತುಳಿದರೂ ಗಾಡಿ ಮುಂದಕ್ಕೆ ತೆವಳುತ್ತದೆ, ಗೇರ್ ಕಿರಗುಟ್ಟುತ್ತದೆ. ಸರಪಳಿ ಕಟ್ಟುವವನು ಹಿಂದೆ ಬಗ್ಗಿ ನಿಂತಿರುವಾಗ ಗಾಡಿ ತೆವಳುವುದು ತಮಾಷೆಯ ವಿಷಯವಲ್ಲ. ಪ್ಲೇಟ್ ಸವೆದಂತೆ ಈ ಅಂತರವೂ ಬದಲಾಗುತ್ತದೆ, ಸನ್ನೆಗಳು ನಿಲ್ಲುವ ಕೋನವೂ ಬದಲಾಗುತ್ತದೆ, ಕೋನ ಬದಲಾದರೆ ಅವು ಕೊಡುವ ಒತ್ತೂ ಬೇರೆ. ಆದ್ದರಿಂದ ಎಳೆತ ಮುಗಿದ ಮೇಲೆ ಪ್ರತಿ ಸಲ ಬಿಚ್ಚಿ, ಪ್ಲೇಟುಗಳ ಅಡಕಲಿನ ಒಟ್ಟು ದಪ್ಪ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ನಾನಿದ್ದ ತಂಡದ ನೋಟ್‌ಬುಕ್ಕಿನಲ್ಲಿ ಎಂಜಿನ್ನಿಗಿಂತ ಕ್ಲಚ್ಚಿನ ಪುಟಗಳೇ ಹೆಚ್ಚಿದ್ದವು.

ಬಿಚ್ಚಿದಾಗ ಉಕ್ಕಿನ ತಟ್ಟೆಗಳ ಬಣ್ಣ ನೋಡಿ, ಅದು ಸುಳ್ಳು ಹೇಳುವುದಿಲ್ಲ. ತಿಳಿ ಹಳದಿ ಇದ್ದರೆ ಸುಮಾರು 230 ಡಿಗ್ರಿ ಮುಟ್ಟಿದೆ. ಗಾಢ ನೀಲಿ ಇದ್ದರೆ 300ರ ಆಸುಪಾಸು. ಬಣ್ಣ ಇಡೀ ಸುತ್ತ ಸಮನಾಗಿದ್ದರೆ ಒತ್ತು ಸಮನಾಗಿದೆ. ಒಂದೇ ಕಡೆ ನೀಲಿ ಚುಕ್ಕೆ ಇದ್ದರೆ ಯಾವುದೋ ಒಂದು ಸನ್ನೆ ಬೇರೆಯವಕ್ಕಿಂತ ಮುಂಚೆ ಒತ್ತುತ್ತಿದೆ, ಆರರ ಎತ್ತರವನ್ನೂ ಮತ್ತೆ ಅಳೆಯಿರಿ. ಒಳ ಅಂಚು ಮಾತ್ರ ಸುಟ್ಟಿದ್ದರೆ ತಟ್ಟೆ ತಟ್ಟೆಯಾಗಿ ಉಳಿದಿಲ್ಲ, ಬಾಣಲೆಯಾಗಿದೆ. ಸಪಾಟಾದ ಕಲ್ಲಿನ ಮೇಲಿಟ್ಟು ಬೆರಳಿನಿಂದ ಒತ್ತಿ, ಟಕಟಕ ಅಂದರೆ ಎಸೆಯಿರಿ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ. "ಇದೇ ಕ್ಲಚ್ಚನ್ನ ನಮ್ ಕಬ್ಬಿನ ಗಾಡಿಗೆ ಹಾಕಿದ್ರ ಸುಡೋದು ನಿಲ್ತೈತೇನ್ರೀ?" ನಿಲ್ಲುತ್ತದೆ, ಕ್ಲಚ್ ಸುಡುವುದು ನಿಲ್ಲುತ್ತದೆ. ಆಮೇಲೆ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್, ಅಂದರೆ ಅದರ ಮೈಮೇಲಿನ ಉದ್ದ ಹಲ್ಲುಗಳು, ಹೋಗುತ್ತದೆ, ಅದು ಗಟ್ಟಿ ಮಾಡಿದರೆ ಗೇರಿನ ಹಲ್ಲು, ಅದೂ ತಡೆದರೆ ಹಿಂದಿನ ಆಕ್ಸಲ್. ಎಲ್ಲೋ ಒಂದು ಕಡೆ ಜಾರಲೇಬೇಕು, ಕ್ಲಚ್ ಪ್ಲೇಟು ಅವೆಲ್ಲಕ್ಕಿಂತ ಅಗ್ಗ. ನಿಮ್ಮ ಗಾಡಿಯ ಆರ್‌ಪಿಎಂ ಎರಡು ಸಾವಿರ ಚಿಲ್ಲರೆ, ತಿರುಗುವ ತೂಕದ ಕ್ಲಚ್ ಅಲ್ಲಿ ನಿದ್ದೆ ಮಾಡುತ್ತದೆ. ಕಂಪನಿ ಅಳತೆಯ ಪ್ಲೇಟನ್ನೇ ಹಾಕಿ, ಫಿಂಗರುಗಳ ಎತ್ತರ ಸಮ ಮಾಡಿ, ಪೆಡಲ್ಲಿಗೆ ಫ್ರೀ ಪ್ಲೇ, ಅಂದರೆ ತುಸು ಸಡಿಲ, ಬಿಡಿ. ಏರಿನಲ್ಲಿ ಸಾಲು ನಿಂತಾಗ ಬ್ರೇಕ್ ಹಿಡಿಯಲು ಡ್ರೈವರಿಗೆ ಹೇಳಿ. ಎರಡು ಟ್ರೇಲರ್ ಇದ್ದಾಗ ಬ್ರೇಕ್ ಹಿಡಿಯುವುದೇ ಇಲ್ಲ ಅನ್ನುತ್ತೀರಾ? ಹಾಗಾದರೆ ರಿಪೇರಿ ಆಗಬೇಕಾದದ್ದು ಬ್ರೇಕು. ಗಾಡಿಯನ್ನು ಮೊದಲು ಆ ಕಡೆ ಒಯ್ಯಿರಿ.